ಒಬ್ಬರ ಆ್ಯಪ್‌ನಲ್ಲಿ ಇನ್ನೊಬ್ಬರ ಹಾಡು: ಕಲಬುರಗಿ–ಕಮಲಾಪುರ ದಾರಿಯಲ್ಲೊಂದು ಲೆಕ್ಕಾಚಾರ

ಕಲಬುರಗಿ: ಮೊಬೈಲ್‌ನಲ್ಲಿ ಹಾಡು ಕೇಳಬೇಕಾದರೆ ಹಾಡಿನದೇ ಆ್ಯಪ್ ತೆರೆಯಬೇಕು ಎಂಬ ಕಾಲ ಮುಗಿಯಿತು. ರೀಚಾರ್ಜ್ ಮಾಡಲೆಂದು ಇಳಿಸಿಕೊಂಡ ಆ್ಯಪ್‌ನಲ್ಲಿ ಹಾಡಿನ ಗುಂಡಿ ಇರುತ್ತದೆ, ದಾರಿ ತೋರಿಸುವ ಆ್ಯಪ್‌ನಲ್ಲೂ ಇರುತ್ತದೆ. ಒತ್ತಿದರೆ ಹಾಡು ಬರುತ್ತದೆ. ಆದರೆ ಆ ಹಾಡು ರೀಚಾರ್ಜ್ ಕಂಪನಿಯದಲ್ಲ, ದಾರಿ ತೋರಿಸುವವರದ್ದೂ ಅಲ್ಲ. ಬೇರೊಂದು ಸಂಗೀತ ಸಂಸ್ಥೆಯ ಉಗ್ರಾಣದಿಂದ ಅದು ಬರುತ್ತದೆ. ಹೀಗೆ ಒಬ್ಬರ ಆ್ಯಪ್‌ನೊಳಗೆ ಇನ್ನೊಬ್ಬರ ಹಾಡನ್ನು ಕೂರಿಸುವ ಕೆಲಸ ಹೇಗೆ ನಡೆಯುತ್ತದೆ, ಅದರಲ್ಲಿ ಯಾರ ಹೊಣೆ ಎಷ್ಟು, ಇಬ್ಬರೂ ಬೇರೆಯಾದ ದಿನ ಕೇಳುಗನ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ಇಲ್ಲಿ ತಿಳಿಯಲು ಪ್ರಯತ್ನಿಸೋಣ.

ಈ ವಿಷಯ ನಮಗೇಕೆ ಎಂದು ಕೆಲವರು ಕೇಳಬಹುದು. ಇಂದು ಅನೇಕ ಧರ್ಮಕೇಂದ್ರಗಳಲ್ಲಿ ಸ್ವಂತ ಆ್ಯಪ್ ಮಾಡಿಸುವ ಮಾತು ನಡೆಯುತ್ತಿದೆ. ಬಲಿಪೂಜೆಯ ವೇಳಾಪಟ್ಟಿ, ವಾರದ ಪ್ರಕಟಣೆ, ವಾಳೆಯ ಸಭೆಗಳ ವಿವರ ಎಲ್ಲ ಬರೆದು ಮುಗಿದ ಮೇಲೆ ಪಾಲನಾ ಮಂಡಳಿಯ ಸಭೆಯಲ್ಲಿ ಯಾರಾದರೂ ಒಬ್ಬರು ‘ಹಾಡುಗಳನ್ನೂ ಹಾಕಿಬಿಡಿ’ ಎನ್ನುತ್ತಾರೆ. ಕೇಳಲು ಅದು ಎಲ್ಲಕ್ಕಿಂತ ಸುಲಭದ ಕೆಲಸ. ಮಾಡಲು ಹೊರಟಾಗ ಎಲ್ಲಕ್ಕಿಂತ ತೊಡಕಿನದು ಅದೇ.

ಉದಾಹರಣೆಗೆ ಕರಾವಳಿಯನ್ನು ಬಿಟ್ಟು ಕಲಬುರಗಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ನಮ್ಮ ಕಡೆಯಿಂದ ಹೋಗಿ ಅಲ್ಲಿನ ಶಾಲೆ, ಆಸ್ಪತ್ರೆ, ಹೋಟೆಲ್‌ಗಳಲ್ಲಿ ದುಡಿಯುವವರು ಇದ್ದಾರೆ ಎಂಬುದು ಒಂದು. ಇನ್ನೊಂದು, ಆ್ಯಪ್ ಮಾಡುವವರ ಲೆಕ್ಕಕ್ಕೆ ಸುಲಭವಾಗಿ ಸಿಗದ ಊರು ಅದು. ಕನ್ನಡ, ಉರ್ದು, ದಖನಿ, ಮರಾಠಿ, ತೆಲುಗು, ಲಂಬಾಣಿ ಎಲ್ಲವೂ ಒಂದೇ ಬಸ್ಸಿನಲ್ಲಿ ಕೇಳಿಬರುತ್ತವೆ. ನಗರದಿಂದ ಹುಮನಾಬಾದ್ ರಸ್ತೆಯಲ್ಲಿ ಮಹಾಗಾಂವ ಕ್ರಾಸ್ ದಾಟಿ ಹೋದರೆ ಸಿಗುವ ಕಮಲಾಪುರ, ಕೆಂಪು ಬಾಳೆಗೆ ಹೆಸರಾದ ಊರು. ಈಚಿನ ವರ್ಷಗಳಲ್ಲಿ ತಾಲ್ಲೂಕು ಕೇಂದ್ರವೂ ಆಗಿದೆ. ಬೆಂಗಳೂರಿನ ಕಚೇರಿಯಲ್ಲಿ ವೈಫೈ ಹಾಕಿಕೊಂಡು ಪರೀಕ್ಷಿಸಿದ ಆ್ಯಪ್ ಈ ದಾರಿಯಲ್ಲಿ ನಡೆದರೆ ಎಲ್ಲ ಕಡೆಯೂ ನಡೆದೀತು.

ನಮ್ಮ ದೇಶದಲ್ಲಿ ನಡೆದದ್ದು

ಇದು ಊಹೆಯ ಮಾತಲ್ಲ. ವೊಡಾಫೋನ್ ಐಡಿಯಾ ಸಂಸ್ಥೆಯು 2021ರಲ್ಲಿ ಹಂಗಾಮಾ ಮ್ಯೂಸಿಕ್ ಜೊತೆ ಸೇರಿ ತನ್ನ ‘ವಿ’ ಆ್ಯಪ್‌ನೊಳಗೇ ಹಾಡಿನ ವಿಭಾಗ ತೆರೆಯಿತು. ಸಿಮ್ ಇವರದ್ದು, ಹಾಡು ಅವರದ್ದು. ಗ್ರಾಹಕರಿಗೆ ಆರು ತಿಂಗಳು ಪ್ರೀಮಿಯಂ ಸೌಲಭ್ಯ ಉಚಿತ ಎಂದು ಘೋಷಿಸಲಾಯಿತು. ಜಿಯೋ ಬೇರೆ ದಾರಿ ಹಿಡಿಯಿತು. 2007ರಿಂದ ನಡೆಯುತ್ತಿದ್ದ ಸಾವನ್ ಸಂಸ್ಥೆಯನ್ನು ತನ್ನ ಜಿಯೋ ಮ್ಯೂಸಿಕ್ ಜೊತೆ ಕೂಡಿಸುವುದಾಗಿ 2018ರ ಮಾರ್ಚ್‌ನಲ್ಲಿ ಪ್ರಕಟಿಸಿ, ಅದೇ ಡಿಸೆಂಬರ್‌ನಲ್ಲಿ ಜಿಯೋಸಾವನ್ ಎಂಬ ಒಂದೇ ಆ್ಯಪ್ ಹೊರತಂದಿತು. ಏರ್‌ಟೆಲ್ 2014ರಲ್ಲಿ ತನ್ನದೇ ವಿಂಕ್ ಮ್ಯೂಸಿಕ್ ಆರಂಭಿಸಿತು. ಹತ್ತು ವರ್ಷ ನಡೆಸಿ 2024ರಲ್ಲಿ ಅದನ್ನು ಮುಚ್ಚಿ ಆ್ಯಪಲ್ ಮ್ಯೂಸಿಕ್ ಜೊತೆ ಒಪ್ಪಂದ ಮಾಡಿಕೊಂಡಿತು. ಮೂರೂ ಟೆಲಿಕಾಂ ಕಂಪನಿಗಳು ಮೂರು ದಾರಿ ಹಿಡಿದವು. ಸ್ವಂತ ಅಡುಗೆ ಮಾಡಿ ಕೈಸುಟ್ಟುಕೊಂಡು ಕೊನೆಗೆ ಹೊರಗಿನಿಂದ ಊಟ ತರಿಸಿಕೊಂಡ ಏರ್‌ಟೆಲ್ ಕಥೆಯಿಂದ ಕಲಿಯುವುದು ಹೆಚ್ಚು ಎಂದು ನನ್ನ ಅನಿಸಿಕೆ.

ಇದನ್ನು ಅರ್ಥ ಮಾಡಿಕೊಳ್ಳಲು ನಮ್ಮ ಹೋಟೆಲುಗಳನ್ನೇ ನೋಡಿ. ಎಷ್ಟೋ ಹೋಟೆಲಿನ ಬಾಗಿಲಲ್ಲಿ ಒಂದು ಬೀಡಾ ಅಂಗಡಿ ಇರುತ್ತದೆ. ಅಂಗಡಿ ಬೇರೆಯವರದ್ದು, ಜಾಗ ಹೋಟೆಲಿನದ್ದು, ಗಿರಾಕಿ ಊಟಕ್ಕೆ ಬಂದವನು. ಬೀಡಾದಲ್ಲಿ ಸುಣ್ಣ ಹೆಚ್ಚಾಗಿ ನಾಲಗೆ ಸುಟ್ಟರೆ ಗಿರಾಕಿ ಜಗಳಕ್ಕೆ ಹೋಗುವುದು ಮಾತ್ರ ಹೋಟೆಲಿನ ಕ್ಯಾಶ್ ಕೌಂಟರ್‌ಗೆ. ಆ್ಯಪ್‌ನೊಳಗಿನ ಹಾಡಿನ ಸ್ಥಿತಿಯೂ ಇಷ್ಟೇ.

ಕಲಬುರಗಿಯಿಂದ ಕಮಲಾಪುರಕ್ಕೆ ಹೋಗುವವರಿಗಾಗಿ ಬಸ್ಸು-ರೈಲಿನ ಟಿಕೆಟ್ ಕೊಡುವ ಒಂದು ಆ್ಯಪ್ ಇದೆ ಎಂದುಕೊಳ್ಳೋಣ. ಇದು ಬರೀ ಉದಾಹರಣೆ, ಯಾವ ಸಂಸ್ಥೆಯ ಕುರಿತೂ ಅಲ್ಲ. ಪ್ರಯಾಣ ಮುಗಿಯುವವರೆಗೆ ಹಾಡು ಕೇಳುವ ವ್ಯವಸ್ಥೆ ಮಾಡಬೇಕೆಂದು ಅವರ ಆಸೆ. ಅವರಿಗೆ ಮೂರು ದಾರಿಗಳಿವೆ.

ಒಂದು, ಗುಂಡಿ ಒತ್ತಿದಾಗ ಹಾಡಿನ ಆ್ಯಪ್ ತೆರೆದುಕೊಳ್ಳುವಂತೆ ಬರೀ ಕೊಂಡಿ ಕೊಡುವುದು. ಖರ್ಚಿಲ್ಲ, ಹೊಣೆಯಿಲ್ಲ, ಆದರೆ ಪ್ರಯಾಣಿಕನ ಫೋನಿನಲ್ಲಿ ಆ ಆ್ಯಪ್ ಇಲ್ಲದಿದ್ದರೆ ‘ಇನ್‌ಸ್ಟಾಲ್ ಮಾಡಿ’ ಎಂಬ ಪುಟಕ್ಕೆ ಹೋಗಿ ನಿಲ್ಲುತ್ತದೆ. ಎರಡು, ಸಂಗೀತ ಸಂಸ್ಥೆಯವರು ಸಿದ್ಧಪಡಿಸಿದ ಪುಟ್ಟ ಪ್ಲೇಯರ್ ಒಂದನ್ನು ತಮ್ಮ ಪುಟದೊಳಗೆ ಅಂಟಿಸಿಕೊಳ್ಳುವುದು. ಇದು ಗೋಡೆಯ ಮೇಲೆ ಬೇರೆಯವರ ಕ್ಯಾಲೆಂಡರ್ ತೂಗುಹಾಕಿದ ಹಾಗೆ. ಅದರಲ್ಲಿ ಏನಿರಬೇಕೆಂದು ತೀರ್ಮಾನಿಸುವವರು ಅವರೇ. ಮೂರು, ಅವರು ಕೊಡುವ ಎಸ್‌ಡಿಕೆ ಅಂದರೆ ಸಿದ್ಧ ತಂತ್ರಾಂಶದ ಕಟ್ಟನ್ನು ತಮ್ಮ ಆ್ಯಪ್‌ನಲ್ಲಿ ಸೇರಿಸಿ, ಹಾಡಿನ ಪಟ್ಟಿ, ಹುಡುಕಾಟ, ಪ್ಲೇಯರ್ ಎಲ್ಲವನ್ನೂ ತಮ್ಮದೇ ರೂಪದಲ್ಲಿ ಕಟ್ಟುವುದು. ನೋಡಲು ಚೆಂದ ಈ ಮೂರನೆಯದೇ. ಖರ್ಚು, ಕರಾರು, ತಲೆನೋವು ಎಲ್ಲವೂ ಇದರಲ್ಲೇ ಹೆಚ್ಚು.

ದೊಡ್ಡ ಸಂಸ್ಥೆಗಳು ಈ ಮೂರನೆಯ ದಾರಿಯನ್ನು ಎಲ್ಲರಿಗೂ ತೆರೆದಿಟ್ಟಿಲ್ಲ. 2019ರಲ್ಲಿ ಭಾರತಕ್ಕೆ ಬಂದ ಸ್ಪಾಟಿಫೈ, 2025ರ ಮೇ ತಿಂಗಳಿನಲ್ಲಿ ತನ್ನ ನಿಯಮ ಬಿಗಿ ಮಾಡಿ, ಹೊರಗಿನ ಆ್ಯಪ್‌ಗಳಿಗೆ ಪೂರ್ಣ ಪ್ರಮಾಣದ ಪ್ರವೇಶ ಬೇಕಾದರೆ ನೋಂದಾಯಿತ ಸಂಸ್ಥೆಯಾಗಿರಬೇಕು, ತಿಂಗಳಿಗೆ ಕನಿಷ್ಠ 2,50,000 ಬಳಕೆದಾರರಿರಬೇಕು ಎಂದಿತು. ಆ್ಯಪಲ್ ಮ್ಯೂಸಿಕ್‌ನ ಪೂರ್ಣ ಹಾಡು ಇನ್ನೊಂದು ಆ್ಯಪ್‌ನಲ್ಲಿ ನುಡಿಯಬೇಕಾದರೆ ಕೇಳುವವನು ಅದರ ಚಂದಾದಾರನಾಗಿರಬೇಕು. ಒಂದು ಧರ್ಮಕೇಂದ್ರದ ಆ್ಯಪ್ ಈ ಸಾಲಿನಲ್ಲಿ ನಿಲ್ಲಲಾರದು ಎಂಬುದನ್ನು ಮೊದಲೇ ತಿಳಿದರೆ ಒಳ್ಳೆಯದು.

ಸುರಂಗದೊಳಗೆ ಹಾಡು ನಿಲ್ಲಬಾರದು

ಬೀದರ್–ಕಲಬುರಗಿ ರೈಲು ಮಾರ್ಗ ಸುಮಾರು 110 ಕಿ.ಮೀ. ಉದ್ದದ್ದು. 2017ರ ಅಕ್ಟೋಬರ್ 29ರಂದು ಅದರ ಉದ್ಘಾಟನೆಯಾಯಿತು. ಕಮಲಾಪುರ ತಾಲ್ಲೂಕಿನ ಮೂಲಕ ಹಾದುಹೋಗುವ ಈ ಮಾರ್ಗದಲ್ಲಿ ಮರಗುತ್ತಿ ಬಳಿ ಒಂದೂವರೆ ಕಿ.ಮೀ.ಗಿಂತ ಉದ್ದದ ಸುರಂಗವಿದೆ. ಸುರಂಗ ಹೊಕ್ಕಾಗ ಫೋನಿಗೆ ಸಿಗ್ನಲ್ ಇರದು ಎಂದೇ ಲೆಕ್ಕ ಹಾಕಬೇಕು. ಹಾಡು ನಿಲ್ಲಬಾರದು ಎಂದಾದರೆ ಏನು ಮಾಡಬೇಕು?

ಸ್ಟ್ರೀಮಿಂಗ್‌ನಲ್ಲಿ ಹಾಡು ಇಡಿಯಾಗಿ ಬರುವುದಿಲ್ಲ. ಕೆಲವೇ ಸೆಕೆಂಡುಗಳ ಸಣ್ಣ ತುಂಡುಗಳಾಗಿ ಬರುತ್ತದೆ. ಪ್ರತಿ ತುಂಡೂ ಹಲವು ದರ್ಜೆಗಳಲ್ಲಿ ಸಿದ್ಧವಿರುತ್ತದೆ. ಸಿಗ್ನಲ್ ಚೆನ್ನಾಗಿದ್ದರೆ ಪ್ಲೇಯರ್ ಮೇಲಿನ ದರ್ಜೆಯದನ್ನು ತರುತ್ತದೆ, ಕ್ಷೀಣಿಸಿದರೆ ಕೆಳದರ್ಜೆಗೆ ಇಳಿಯುತ್ತದೆ. ಸ್ಪಾಟಿಫೈನಲ್ಲಿ ಅತಿ ಕಡಿಮೆ ದರ್ಜೆ ಸೆಕೆಂಡಿಗೆ 24 ಕಿಲೋಬಿಟ್, ಸಾಮಾನ್ಯ ದರ್ಜೆ 96, ಮೇಲಿನದು 320. ಈ ಅಂಕಿಯನ್ನು 8ರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಕಿಲೋಬೈಟ್ ಎಂದು ಸಿಗುತ್ತದೆ. 96 ಎಂದರೆ 12 ಕಿಲೋಬೈಟ್. ನಾಲ್ಕು ನಿಮಿಷದ ಹಾಡಿಗೆ ಸುಮಾರು 2.9 ಎಂ.ಬಿ. ಅದೇ ಹಾಡು 320ರಲ್ಲಿ 9.6 ಎಂ.ಬಿ., 24ರಲ್ಲಿ ಮುಕ್ಕಾಲು ಎಂ.ಬಿ.ಯೂ ಆಗದು.

ರೈಲು ಗಂಟೆಗೆ 40 ಕಿ.ಮೀ. ವೇಗದಲ್ಲಿ ನಿಧಾನವಾಗಿ ಸಾಗಿದರೂ ಸುರಂಗ ದಾಟಲು ಎರಡೂವರೆ ನಿಮಿಷ ಸಾಕು. ಎರಡೂವರೆ ನಿಮಿಷದ ಹಾಡನ್ನು 96ರ ದರ್ಜೆಯಲ್ಲಿ ಮುಂಚಿತವಾಗಿ ತಂದಿಟ್ಟುಕೊಳ್ಳಲು ಬೇಕಾದದ್ದು 1.8 ಎಂ.ಬಿ. ಇಷ್ಟು ಸಣ್ಣ ವಿಷಯ. ಆದರೂ ಪ್ಲೇಯರ್ ಬರೀ 20–30 ಸೆಕೆಂಡು ಮಾತ್ರ ಮುಂದಕ್ಕೆ ತಂದುಕೊಳ್ಳುವಂತೆ ಬಿಟ್ಟರೆ ಸುರಂಗದಲ್ಲಿ ಹಾಡು ನಿಂತೇ ನಿಲ್ಲುತ್ತದೆ. ಟಿಕೆಟ್ ಆ್ಯಪ್‌ಗೆ ರೈಲು ಎಲ್ಲಿದೆ ಎಂಬುದು ಗೊತ್ತಿರುತ್ತದೆ. ಹಾಡಿನ ಸಂಸ್ಥೆಗೆ ಗೊತ್ತಿರುವುದಿಲ್ಲ. ಸುರಂಗ ಹತ್ತಿರ ಬಂದಾಗ ‘ಸ್ವಲ್ಪ ಹೆಚ್ಚು ತಂದಿಟ್ಟುಕೋ’ ಎಂದು ಮೊದಲನೆಯದು ಎರಡನೆಯದಕ್ಕೆ ಹೇಳುವಂತೆ ಮಾಡುವುದೇ ನಿಜವಾದ ಜೋಡಣೆ. ಗುಂಡಿಯ ಬಣ್ಣ ಯಾವುದಿರಬೇಕು ಎಂದು ತಿಂಗಳುಗಟ್ಟಲೆ ಚರ್ಚಿಸುವವರು ಇದನ್ನು ಮರೆಯುತ್ತಾರೆ.

ಡೇಟಾದ ಖರ್ಚನ್ನೂ ಹೇಳಬೇಕು. 320ರಲ್ಲಿ ಒಂದು ಗಂಟೆ ಕೇಳಿದರೆ 144 ಎಂ.ಬಿ. ಹೋಗುತ್ತದೆ, 96ರಲ್ಲಿ 43 ಎಂ.ಬಿ. ಬಸ್ಸಿನ ಸದ್ದಿನಲ್ಲಿ, ಅಗ್ಗದ ಇಯರ್‌ಫೋನಿನಲ್ಲಿ ಇವೆರಡರ ವ್ಯತ್ಯಾಸ ಗುರುತಿಸುವವರು ವಿರಳ. ಹಾಗಾಗಿ ಇನ್ನೊಬ್ಬರ ಆ್ಯಪ್‌ನಲ್ಲಿ ಕೂರುವ ಹಾಡು ತಾನಾಗಿಯೇ ಮೇಲ್ದರ್ಜೆಗೆ ಏರಬಾರದು. ಟಿಕೆಟ್ ತೆಗೆಯಲು ಬಂದವನ ಡೇಟಾ ಹಾಡಿಗೆ ಖಾಲಿಯಾಗಿ, ಇಳಿಯುವ ಹೊತ್ತಿಗೆ ಟಿಕೆಟ್ಟೇ ತೆರೆಯದಿದ್ದರೆ ಕಂಡಕ್ಟರ್ ಹಾಡು ಕೇಳುತ್ತಾ ನಿಲ್ಲುವುದಿಲ್ಲ.

ಫೋನ್ ಬಂದಾಗ ಹಾಡು ತಾನಾಗಿ ತಗ್ಗಬೇಕು, ಮಾತು ಮುಗಿದ ಮೇಲೆ ಮುಂದುವರಿಯಬೇಕು. ‘ಮುಂದಿನ ನಿಲ್ದಾಣ ಕಮಲಾಪುರ’ ಎಂಬ ಸೂಚನೆ ಬಂದಾಗಲೂ ಹಾಗೆಯೇ. ಪರದೆ ಆರಿದ ಮೇಲೂ ಹಾಡು ನಡೆಯಬೇಕು, ಬೀಗ ಹಾಕಿದ ಪರದೆಯ ಮೇಲೆ ನಿಲ್ಲಿಸುವ ಗುಂಡಿ ಇರಬೇಕು. ಇವೆಲ್ಲಕ್ಕೂ ಆಂಡ್ರಾಯ್ಡ್‌ನಲ್ಲಿಯೂ ಐಫೋನಿನಲ್ಲಿಯೂ ನಿಯಮಗಳಿವೆ, ವಿವರಕ್ಕೆ ಹೋಗುವುದು ಬೇಡ.

ಹುಡುಕಿದರೆ ಸಿಗಬೇಕು

ಕಲಬುರಗಿ ಜಿಲ್ಲೆಯ ಕಡಕೋಳ ಮಡಿವಾಳಪ್ಪನವರು 18–19ನೇ ಶತಮಾನದ ತತ್ವಪದಕಾರರು. ಅವರ ಪದಗಳನ್ನು ಇಂದಿಗೂ ಭಜನಾ ಮೇಳದವರು ಹಾಡುತ್ತಾರೆ. ಈಗ ಪ್ರಯಾಣಿಕರೊಬ್ಬರು ಆ ಪದ ಕೇಳಬೇಕೆಂದು ಹುಡುಕುತ್ತಾರೆ ಎನ್ನೋಣ. ಕನ್ನಡ ಲಿಪಿಯಲ್ಲಿ ಟೈಪ್ ಮಾಡುವವರು ಕಡಿಮೆ. ಇಂಗ್ಲಿಷ್ ಅಕ್ಷರದಲ್ಲಿ ಬರೆಯುವಾಗ ಒಬ್ಬರು ‘ವಿ’ ಹಾಕುತ್ತಾರೆ, ಇನ್ನೊಬ್ಬರು ‘ಡಬ್ಲ್ಯೂ’ ಹಾಕುತ್ತಾರೆ; ಕಡಕೋಳದ ಕೊನೆಗೆ ‘ಎ’ ಸೇರಿಸುವವರಿದ್ದಾರೆ, ಬಿಡುವವರಿದ್ದಾರೆ. ಊರಿನ ಹೆಸರೇ 2014ರ ನವೆಂಬರ್ 1ರವರೆಗೆ ಗುಲ್ಬರ್ಗ ಎಂದಿತ್ತು, ಹಳೆಯ ಧ್ವನಿಮುದ್ರಣಗಳ ಮೇಲೆ ಹಾಗೆಯೇ ಇರುತ್ತದೆ. ಕಮಲಾಪುರದ ಮಾತಂತೂ ಕೇಳುವುದೇ ಬೇಡ. ಹಂಪಿಯ ಪಕ್ಕದಲ್ಲೂ ಒಂದು ಕಮಲಾಪುರವಿದೆ. ಸ್ಥಳ ನೋಡಿ ಹಾಡು ಸೂಚಿಸುವ ಯಂತ್ರಕ್ಕೆ ಎರಡೂ ಒಂದೇ.

ಹಾಡಿನ ಜೊತೆ ಬರುವ ಈ ವಿವರಗಳನ್ನು, ಅಂದರೆ ಹಾಡಿನ ಹೆಸರು, ಬರೆದವರು, ರಾಗ ಹಾಕಿದವರು, ಹಾಡಿದವರು, ಭಾಷೆ, ಇವುಗಳನ್ನು ತುಂಬುವುದು ಸಂಗೀತ ಸಂಸ್ಥೆಯೂ ಅಲ್ಲ, ಟಿಕೆಟ್ ಆ್ಯಪ್‌ನವರೂ ಅಲ್ಲ. ಧ್ವನಿಮುದ್ರಣ ಕಂಪನಿಯವರು ಒಮ್ಮೆ ತುಂಬಿದ್ದೇ ಕೊನೆಯತನಕ. ಅಲ್ಲಿ ತಪ್ಪಿದರೆ ಎಲ್ಲ ಕಡೆ ತಪ್ಪು. ಲಂಬಾಣಿ ಹಾಡಿಗೆ ಭಾಷೆಯ ಜಾಗದಲ್ಲಿ ‘ಹಿಂದಿ’ ಎಂದು ತುಂಬಿದರೆ ಕಮಲಾಪುರದ ತಾಂಡಾದಲ್ಲಿರುವವರಿಗೆ ಅದು ಸಿಗುವ ಬಗೆಯೇ ಇಲ್ಲ. ನಮ್ಮ ಓದುಗರಿಗೂ ಈ ಕಷ್ಟ ಹೊಸತಲ್ಲ. ಕೊಂಕಣಿಯನ್ನು ನಾವು ಕನ್ನಡ ಲಿಪಿಯಲ್ಲಿ ಬರೆಯುತ್ತೇವೆ, ಗೋವಾದವರು ರೋಮನ್ ಮತ್ತು ದೇವನಾಗರಿಯಲ್ಲಿ ಬರೆಯುತ್ತಾರೆ. ಒಂದೇ ಕಂತಾರಿಗೆ ಮೂರು ಹೆಸರು. ಒಂದರಲ್ಲಿ ಹುಡುಕಿದರೆ ಉಳಿದೆರಡು ಕಾಣಿಸಬೇಕು ಎಂಬ ಸಣ್ಣ ಏರ್ಪಾಡನ್ನು ಮೊದಲ ದಿನವೇ ಮಾಡದಿದ್ದರೆ ಆಮೇಲೆ ಯಾರೂ ಮಾಡುವುದಿಲ್ಲ.

ಒಂದು ಹಾಡು, ಎರಡು ಹಕ್ಕು

ಮಡಿವಾಳಪ್ಪನವರ ಪದಕ್ಕೆ ಈಗ ಕೃತಿಸ್ವಾಮ್ಯವಿಲ್ಲ. ನಮ್ಮ ಕಾಯಿದೆಯ ಪ್ರಕಾರ ಸಾಹಿತ್ಯ ಮತ್ತು ಸಂಗೀತಕ್ಕೆ ಕರ್ತೃವಿನ ಜೀವಿತಕಾಲ ಮತ್ತು ಆನಂತರ 60 ವರ್ಷ ರಕ್ಷಣೆ. ಅದು ಎಂದೋ ಮುಗಿದಿದೆ. ಆದರೆ ಅದೇ ಪದವನ್ನು ಹತ್ತು ವರ್ಷದ ಹಿಂದೆ ಒಂದು ಮೇಳದವರು ಹಾಡಿ ಧ್ವನಿಮುದ್ರಿಸಿದ್ದರೆ ಆ ಧ್ವನಿಮುದ್ರಣದ ಮೇಲೆ ಬೇರೆ ಹಕ್ಕು ಇದೆ, ಪ್ರಕಟವಾದ ನಂತರ 60 ವರ್ಷ. ಪದ ಎಲ್ಲರದ್ದು, ಮುದ್ರಣ ಅದನ್ನು ಮಾಡಿಸಿದವರದ್ದು. ‘ಹಳೆಯ ಹಾಡಲ್ಲವೇ, ಹಾಕಬಹುದು’ ಎನ್ನುವವರು ಈ ಎರಡನ್ನೂ ಒಂದೇ ಎಂದು ತಿಳಿದಿರುತ್ತಾರೆ. ಹೊಸ ಹಾಡಾದರೆ ಹಕ್ಕಿನವರು ಇನ್ನೂ ಹೆಚ್ಚು: ಬರೆದವರು, ರಾಗ ಹಾಕಿದವರು, ಮುದ್ರಣದ ಒಡೆಯರು, ಹಾಡಿದವರು. ಸಾಹಿತಿ ಮತ್ತು ಸಂಗೀತಗಾರರ ಪಾಲನ್ನು ವಸೂಲು ಮಾಡಿ ಹಂಚಲು 1969ರಲ್ಲಿ ಸ್ಥಾಪನೆಯಾದ ಐಪಿಆರ್‌ಎಸ್ ಸಂಸ್ಥೆ ಇದೆ.

ಟಿಕೆಟ್ ಆ್ಯಪ್‌ನವರು ಸಂಗೀತ ಸಂಸ್ಥೆಯೊಂದಿಗೆ ಕರಾರು ಮಾಡಿಕೊಂಡರೆ ಇದೆಲ್ಲ ತೀರಿತೇ? ಇಲ್ಲ. ಸಂಗೀತ ಸಂಸ್ಥೆಗೆ ಧ್ವನಿಮುದ್ರಣ ಕಂಪನಿಯವರು ಕೊಟ್ಟ ಪರವಾನಗಿ ಅದರ ಸ್ವಂತ ಆ್ಯಪ್‌ಗೆ ಮಾತ್ರ ಇರಬಹುದು. ಇನ್ನೊಬ್ಬರ ಆ್ಯಪ್‌ನಲ್ಲಿ ನುಡಿಸಲು ಬೇರೆ ಒಪ್ಪಿಗೆ ಬೇಕಾಗಬಹುದು. ಬಾಡಿಗೆಗೆ ಇರುವವನು ಮತ್ತೊಬ್ಬನಿಗೆ ಒಳಬಾಡಿಗೆ ಕೊಡುವಾಗ ಮನೆ ಯಜಮಾನನನ್ನು ಕೇಳಬೇಕಲ್ಲವೇ, ಹಾಗೆ.

ಈ ಮಾತು ನ್ಯಾಯಾಲಯದವರೆಗೂ ಹೋಗಿದೆ. ಟಿಪ್ಸ್ ಕಂಪನಿಯ ಹಾಡುಗಳ ಪರವಾನಗಿ ಮಾತುಕತೆ ಮುರಿದ ಮೇಲೆ ವಿಂಕ್, ಕೃತಿಸ್ವಾಮ್ಯ ಕಾಯಿದೆಯ 31ಡಿ ಕಲಮಿನ ಆಸರೆ ಪಡೆಯಲು ನೋಡಿತು. ರೇಡಿಯೋ ಮತ್ತು ಟಿವಿ ಪ್ರಸಾರಕರು ನಿಗದಿತ ದರ ಕಟ್ಟಿ, ಒಡೆಯರ ಒಪ್ಪಿಗೆ ಇಲ್ಲದೆಯೂ ಹಾಡು ಪ್ರಸಾರ ಮಾಡಲು ಆ ಕಲಮು ಅವಕಾಶ ಕೊಡುತ್ತದೆ. ನಾವೂ ಪ್ರಸಾರಕರೇ ಎಂಬುದು ವಿಂಕ್ ವಾದ. ಬಾಂಬೆ ಹೈಕೋರ್ಟ್ 2019ರ ಏಪ್ರಿಲ್ 23ರಂದು ಇದನ್ನು ಒಪ್ಪಲಿಲ್ಲ. ಅಂತರ್ಜಾಲದ ಸ್ಟ್ರೀಮಿಂಗ್‌ಗೆ ಆ ಕಲಮು ಅನ್ವಯಿಸದು, ಹಾಡನ್ನು ಫೋನಿನಲ್ಲಿ ಇಳಿಸಿಟ್ಟುಕೊಳ್ಳಲು ಬಿಡುವುದು ಪ್ರಸಾರವಲ್ಲ, ಮಾರಾಟ ಅಥವಾ ಬಾಡಿಗೆಯ ಸ್ವರೂಪದ್ದು ಎಂದಿತು. 2022ರ ಅಕ್ಟೋಬರ್ 20ರಂದು ವಿಭಾಗೀಯ ಪೀಠವೂ ಆ ತೀರ್ಪನ್ನು ಎತ್ತಿಹಿಡಿಯಿತು. ದೇಶದ ದೊಡ್ಡ ಟೆಲಿಕಾಂ ಸಂಸ್ಥೆಯೊಂದರ ಆ್ಯಪ್‌ಗೇ ಒಡೆಯರ ಒಪ್ಪಿಗೆ ಇಲ್ಲದೆ ಹಾಡು ಇಡಲಾಗಲಿಲ್ಲ ಎಂದರೆ ಉಳಿದವರ ಮಾತೇನು?

1966ರಲ್ಲಿ ಆರಂಭವಾದ ಕಲಬುರಗಿ ಆಕಾಶವಾಣಿಯ ನೆನಪು ಇಲ್ಲಿ ಬರುತ್ತದೆ. ಈಗ ಆಕಾಶವಾಣಿ ಕೇಂದ್ರಗಳ ಪ್ರಸಾರ ಪ್ರಸಾರ ಭಾರತಿಯ ಆ್ಯಪ್‌ಗಳಲ್ಲೂ ಕೇಳಸಿಗುತ್ತದೆ. ಕೇಳುಗನಿಗೆ ರೇಡಿಯೋ, ಸ್ಟ್ರೀಮಿಂಗ್ ಎರಡೂ ಒಂದೇ ಫೋನಿನಲ್ಲಿ ಬರುವ ಹಾಡು. ಕಾನೂನಿನ ಕಣ್ಣಿಗೆ ಹಾಗಲ್ಲ.

ಎಣಿಕೆ ಮತ್ತು ಹಣ

ಹಾಡು ನುಡಿದಾಗಲೆಲ್ಲ ಒಂದು ಲೆಕ್ಕ ಬರೆಯಲ್ಪಡುತ್ತದೆ. ಸ್ಪಾಟಿಫೈ 30 ಸೆಕೆಂಡು ಕೇಳಿದ ಮೇಲೆ ಅದನ್ನು ಒಂದು ಎಂದು ಎಣಿಸುತ್ತದೆ. ಎರಡು ಆ್ಯಪ್‌ಗಳು ಸೇರಿದಾಗ ಎರಡೂ ಕಡೆ ಲೆಕ್ಕ ಬರೆದರೆ ಒಂದೇ ಹಾಡು ಎರಡಾಗುತ್ತದೆ. ಸುರಂಗದೊಳಗೆ ಕೇಳಿದ್ದನ್ನು ಹೊರಗೆ ಬಂದ ಮೇಲೆ ಕಳಿಸುವಾಗ ಸಿಗ್ನಲ್ ಕಡಿದು ಮತ್ತೆ ಕಳಿಸಿದರೆ ಮೂರಾಗುತ್ತದೆ. ಇದಕ್ಕೆ ಪರಿಹಾರವಾಗಿ ಪ್ರತಿ ಕೇಳಿಕೆಗೂ ಚೀಟಿಯ ಮೇಲಿನ ನಂಬರಿನಂತೆ ಒಂದು ಗುರುತು ಕೊಡುತ್ತಾರೆ. ಒಂದೇ ನಂಬರು ಎರಡು ಸಲ ಬಂದರೆ ಎರಡನೆಯದು ರದ್ದು. ಯಾರ ಲೆಕ್ಕ ಅಂತಿಮ ಎಂಬುದನ್ನು ಕರಾರಿನಲ್ಲೇ ಬರೆಯಬೇಕು.

ಸಣ್ಣ ಕಲಾವಿದರಿಗೆ ಈ ಎಣಿಕೆ ಹೊಟ್ಟೆಪಾಡಿನ ಮಾತು. 2024ರಿಂದ ಸ್ಪಾಟಿಫೈನಲ್ಲಿ ಹಿಂದಿನ 12 ತಿಂಗಳಲ್ಲಿ ಕನಿಷ್ಠ 1,000 ಸಲ ಕೇಳಿಸಿಕೊಳ್ಳದ ಹಾಡಿಗೆ ಧ್ವನಿಮುದ್ರಣದ ಗೌರವಧನ ಹುಟ್ಟುವುದಿಲ್ಲ. ಸಿನಿಮಾ ಹಾಡಿಗೆ ಸಾವಿರ ಎಂದರೆ ಒಂದು ನಿಮಿಷದ ಮಾತು. ಕಮಲಾಪುರ ಕಡೆಯ ಒಂದು ಭಜನಾ ಮೇಳಕ್ಕೆ, ನಮ್ಮ ಒಂದು ಗಾಯನ ಮಂಡಳಿಯ ಕೊಂಕಣಿ ಹಾಡಿಗೆ, ಅದು ವರ್ಷಪೂರ್ತಿ ದಾಟದ ಗೆರೆಯಾಗಬಹುದು. ಮೋಸದ ಹಾಡುಗಳನ್ನು ತಡೆಯಲು ಇಂಥ ಗೆರೆ ಬೇಕು ಎನ್ನುವವರ ವಾದದಲ್ಲಿ ಹುರುಳಿಲ್ಲ ಎಂದಲ್ಲ. ಆದರೆ ಗೆರೆಯ ಕೆಳಗೆ ಉಳಿದವರಲ್ಲಿ ಮೋಸಗಾರರಿಗಿಂತ ಬಡ ಹಾಡುಗಾರರೇ ಹೆಚ್ಚಿದ್ದಾರೆ ಎಂದು ನನಗೆ ತೋರುತ್ತದೆ. ಊರಿನ ಹಾಡನ್ನು ಊರಿನ ಬಸ್ಸಿನಲ್ಲಿ ಮೊದಲು ತೋರಿಸುವ ಒಂದು ಪಟ್ಟಿ ಟಿಕೆಟ್ ಆ್ಯಪ್‌ನಲ್ಲಿದ್ದರೆ ಆ ಸಾವಿರ ತುಂಬಲು ಕಷ್ಟವಾಗದು. ಜೋಡಣೆಯಿಂದ ನಿಜವಾದ ಉಪಕಾರ ಆಗುವುದು ಹೀಗೆ.

ಲಾಗಿನ್ ಮತ್ತು ಪಾವತಿಯ ವಿಚಾರ ಚುಟುಕಾಗಿ ಹೇಳಿ ಮುಗಿಸುತ್ತೇನೆ. ಹಾಡಿನ ಖಾತೆಯ ಪಾಸ್‌ವರ್ಡನ್ನು ಟಿಕೆಟ್ ಆ್ಯಪ್ ಕೇಳಲೇಬಾರದು. ಹಾಡಿನ ಸಂಸ್ಥೆಯ ಪುಟದಲ್ಲೇ ಲಾಗಿನ್ ಆಗಿ, ಇಷ್ಟಕ್ಕೆ ಮಾತ್ರ ಅನುಮತಿ ಎಂಬ ಒಂದು ಟೋಕನ್ ಈ ಕಡೆಗೆ ಬರಬೇಕು. ಯಾರು ಎಲ್ಲಿಗೆ ಹೋದರು ಎಂಬುದು ಹಾಡಿನವರಿಗೂ, ಯಾರು ಯಾವ ಹಾಡು ಕೇಳಿದರು ಎಂಬುದು ಟಿಕೆಟ್‌ನವರಿಗೂ ಒಪ್ಪಿಗೆಯಿಲ್ಲದೆ ಹೋಗಬಾರದು. ಭಕ್ತಿಗೀತೆಯೋ ಕವ್ವಾಲಿಯೋ ಎಂಬುದರಿಂದಲೇ ಮನುಷ್ಯನ ಮತ ತಿಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಇದನ್ನೇ ಹೇಳುತ್ತದೆ, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತಹಂತವಾಗಿ ಜಾರಿಗೆ ಬರುತ್ತಿವೆ. ಇನ್ನು ತಿಂಗಳ ಚಂದಾ ಯುಪಿಐ ಮೂಲಕ ತಾನಾಗಿ ಕಡಿತವಾಗುವಂತಿದ್ದರೆ, ಅದನ್ನು ನಿಲ್ಲಿಸುವ ಗುಂಡಿ ಆರಂಭಿಸುವ ಗುಂಡಿಯಷ್ಟೇ ಎದ್ದು ಕಾಣಬೇಕು.

ಒಪ್ಪಂದ ಮುಗಿದ ದಿನ

ಬೈಟ್‌ಡಾನ್ಸ್ ಸಂಸ್ಥೆಯ ರೆಸ್ಸೊ 2024ರ ಜನವರಿ 31ರಂದು ಭಾರತದಲ್ಲಿ ನಿಂತಿತು. ಅದೇ ವರ್ಷ ವಿಂಕ್ ಮುಚ್ಚಿತು. ಗಾನಾ 2022ರಲ್ಲಿ ಉಚಿತ ಸೇವೆ ಬಿಟ್ಟು ಚಂದಾ ಕೊಟ್ಟವರಿಗೆ ಮಾತ್ರ ಎಂದಿತು. ಇಷ್ಟು ಕಡಿಮೆ ಕಾಲದಲ್ಲಿ ಇಷ್ಟು ಬದಲಾವಣೆ ಆದ ಮೇಲೂ ಒಪ್ಪಂದ ಶಾಶ್ವತ ಎಂದು ನಂಬಿ ಆ್ಯಪ್ ಕಟ್ಟುವುದು ಜಾಣತನವಲ್ಲ.

ವಿಂಕ್‌ನಲ್ಲಿ ಇಳಿಸಿಟ್ಟ ಹಾಡು ಫೋನಿನಲ್ಲೇ ಇತ್ತಲ್ಲವೇ ಎಂದು ಕೇಳಬಹುದು. ಅದು ಬೀಗ ಹಾಕಿದ ಪೆಟ್ಟಿಗೆ. ಬೀಗದ ಕೈ ಕಂಪನಿಯ ಬಳಿ. ಕಂಪನಿ ಹೋದರೆ ಪೆಟ್ಟಿಗೆ ಇದ್ದರೂ ತೆರೆಯದು. ಹಾಗಾಗಿ ಇಳಿಸಿಟ್ಟದ್ದನ್ನು ಉಳಿತಾಯ ಎಂದು ಭಾವಿಸಬಾರದು. ಕೇಳುಗನಿಗೆ ಉಳಿಯಬೇಕಾದದ್ದು ತಾನು ಮಾಡಿಟ್ಟುಕೊಂಡ ಹಾಡುಗಳ ಪಟ್ಟಿ. ಪ್ರತಿ ಧ್ವನಿಮುದ್ರಣಕ್ಕೂ ಐಎಸ್‌ಆರ್‌ಸಿ ಎಂಬ 12 ಅಕ್ಷರ-ಅಂಕಿಗಳ ಅಂತರರಾಷ್ಟ್ರೀಯ ಗುರುತು ಕೊಡುವ ಪದ್ಧತಿಯಿದೆ. ಪಟ್ಟಿಯ ಜೊತೆ ಆ ಗುರುತನ್ನೂ ಇಟ್ಟುಕೊಂಡರೆ ಸಂಗೀತ ಸಂಸ್ಥೆ ಬದಲಾದ ದಿನ ಅದೇ ಹಾಡುಗಳನ್ನು ಹೊಸ ಉಗ್ರಾಣದಲ್ಲಿ ಹುಡುಕಿ ಕೊಡಬಹುದು. ಪಟ್ಟಿ ಟಿಕೆಟ್ ಆ್ಯಪ್‌ನವರ ಬಳಿ ಇರಬೇಕೋ, ಹಾಡಿನವರ ಬಳಿಯೋ ಎಂಬ ಪ್ರಶ್ನೆಗೆ ನನ್ನ ಉತ್ತರ: ಪ್ರತಿ ಕೇಳುಗನಿಗೂ ಇಳಿಸಿಕೊಳ್ಳಲು ಸಿಗಬೇಕು. ಬೀಡಾ ಅಂಗಡಿ ಎತ್ತಿಹೋದರೆ ಗಿರಾಕಿಯ ಚಿಲ್ಲರೆ ಜೊತೆಯಲ್ಲಿ ಹೋಗಬಾರದು.

ಧರ್ಮಕೇಂದ್ರದ ಆ್ಯಪ್ ಮಾಡಿಸುವವರಿಗೆ

ಇಷ್ಟೆಲ್ಲ ತಿಳಿದ ಮೇಲೆ ನಮ್ಮ ಪಾಲನಾ ಮಂಡಳಿಗಳು ಏನು ಮಾಡಬಹುದು? ಬೇರೆಯವರ ಹಾಡು ಬೇಕಾದರೆ ಮೊದಲ ದಾರಿಯೇ ಲೇಸು, ಕೊಂಡಿ ಕೊಟ್ಟು ಸುಮ್ಮನಿರಿ. ಯೂಟ್ಯೂಬ್ ಪ್ಲೇಯರನ್ನು ಅಂಟಿಸಿಕೊಳ್ಳುವುದಾದರೆ ಅದು ಇದ್ದ ಹಾಗೆಯೇ ಇರಲಿ. ದೃಶ್ಯ ಬಿಟ್ಟು ಧ್ವನಿ ಮಾತ್ರ ತೆಗೆಯುವುದಕ್ಕೂ, ಪರದೆ ಆರಿಸಿ ಹಿನ್ನೆಲೆಯಲ್ಲಿ ನುಡಿಸುವುದಕ್ಕೂ ಅವರ ನಿಯಮಗಳು ಬಿಡುವುದಿಲ್ಲ. ‘ಎಂಪಿ3 ಮಾಡಿ ಹಾಕಿಕೊಡುತ್ತೇವೆ’ ಎನ್ನುವ ಆ್ಯಪ್ ತಯಾರಕರು ಈ ಮಾತನ್ನು ಹೇಳುವುದಿಲ್ಲ.

ಪೂಜೆಯಲ್ಲಿ ಹಾಡುವಾಗ ಯಾರ ಅನುಮತಿಯೂ ಬೇಡವಲ್ಲ ಎಂಬ ಪ್ರಶ್ನೆ ಸಹಜ. ನಿಜ, ಪ್ರಾಮಾಣಿಕ ಧಾರ್ಮಿಕ ವಿಧಿಯ ಸಂದರ್ಭದಲ್ಲಿ ಹಾಡುವುದಕ್ಕೆ, ಹಾಡು ಕೇಳಿಸುವುದಕ್ಕೆ 1957ರ ಕಾಯಿದೆಯ 52ನೇ ಕಲಮು ವಿನಾಯಿತಿ ಕೊಟ್ಟಿದೆ. ಆದರೆ ಅದು ವಿಧಿಯ ಸಂದರ್ಭಕ್ಕೆ. ಮಂಗಳವಾರ ಮಧ್ಯಾಹ್ನ ಬಸ್ಸಿನಲ್ಲಿ ಕುಳಿತವನು ಆ್ಯಪ್ ತೆರೆದು ಕೇಳುವುದಕ್ಕೆ ಆ ವಿನಾಯಿತಿಯನ್ನು ನೆಚ್ಚಿಕೊಳ್ಳಲಾಗದು.

ನಮ್ಮದೇ ಗಾಯನ ಮಂಡಳಿ ಹಾಡಿ, ನಾವೇ ಧ್ವನಿಮುದ್ರಿಸಿದ ಹಾಡಾದರೆ ಸಂತೋಷದಿಂದ ಹಾಕಬಹುದು, ಬರೆದವರ, ರಾಗ ಹಾಕಿದವರ, ಹಾಡಿದವರ ಒಪ್ಪಿಗೆ ಬರಹದಲ್ಲಿದ್ದರೆ. ಆ ಕಾಗದದಲ್ಲಿ ಮೂರು ಮಾತು ತಪ್ಪದೆ ಇರಲಿ. ಆ್ಯಪ್ ಮತ್ತು ಅಂತರ್ಜಾಲದ ಹೆಸರು ಸ್ಪಷ್ಟವಾಗಿ ಬರೆದಿರಬೇಕು. ಬರೆಯುವ ಕಾಲಕ್ಕೆ ಇಲ್ಲದಿದ್ದ ಮಾಧ್ಯಮಕ್ಕೆ ಹಕ್ಕು ವರ್ಗಾವಣೆ ತಾನಾಗಿ ಅನ್ವಯಿಸದು ಎಂಬ ಮಾತನ್ನು 2012ರ ತಿದ್ದುಪಡಿ ಸೇರಿಸಿದೆ, ಆದ್ದರಿಂದ ಕ್ಯಾಸೆಟ್ ಕಾಲದ ಒಪ್ಪಿಗೆ ಪತ್ರ ಹಿಡಿದು ಆ್ಯಪ್‌ಗೆ ಇಳಿಯುವ ಮೊದಲು ಬರೆದವರ ಮನೆಗೆ ಇನ್ನೊಮ್ಮೆ ಹೋಗಿಬರುವುದು ಕ್ಷೇಮ. ಅವಧಿ ಬರೆಯಬೇಕು, ಹಕ್ಕು ವರ್ಗಾವಣೆಯ ಪತ್ರದಲ್ಲಿ ಅವಧಿ ಬರೆಯದಿದ್ದರೆ ಐದು ವರ್ಷ ಎಂದು ಕಾಯಿದೆ ತಿಳಿದುಕೊಳ್ಳುತ್ತದೆ. ಪ್ರದೇಶವನ್ನೂ ಬರೆಯಬೇಕು, ಬರೆಯದಿದ್ದರೆ ಭಾರತದೊಳಗೆ ಮಾತ್ರ. ನಮ್ಮ ಪ್ರತಿ ಧರ್ಮಕೇಂದ್ರದಿಂದಲೂ ದುಬೈ, ಮಸ್ಕತ್, ಕುವೈತ್‌ನಲ್ಲಿರುವವರು ಇದ್ದಾರೆ, ಆ್ಯಪ್ ಮೊದಲು ಇಳಿಸಿಕೊಳ್ಳುವವರೂ ಅವರೇ. ‘ಪ್ರಪಂಚದಾದ್ಯಂತ’ ಎಂಬ ಒಂದು ಪದ ಸೇರಿಸಲು ಮರೆಯಬೇಡಿ.